ಸೂಚ್ಯಂಕ: ಲೆಕ್ಕ ಹಾಕೋದು ಹೇಗೆ, ಓದೋದು ಹೇಗೆ, ಎಲ್ಲಿ ಬಳಸೋದು

"ಸೂಚ್ಯಂಕ 126.4ಕ್ಕೆ ಏರಿತು" ಅಂತ ಸುದ್ದಿ ಬಂದ್ರೆ ತುಂಬಾ ಜನ ಅದನ್ನ ಒಂದು ಬೆಲೆ ಥರಾನೋ ಪರೀಕ್ಷೆ ಮಾರ್ಕ್ಸ್ ಥರಾನೋ ಓದ್ಬಿಡ್ತಾರೆ. ಅದು ಎರಡೂ ಅಲ್ಲ. 126.4 ಅನ್ನೋದಕ್ಕೆ ಯೂನಿಟ್ಟೇ ಇಲ್ಲ, ಕೆಜಿ ಅಲ್ಲ, ಲೀಟರ್ ಅಲ್ಲ, ಹಣಾನೂ ಅಲ್ಲ. ಅದು ಬರೀ ಒಂದು ಅನುಪಾತ, ಯಾವುದೋ ಒಂದು ಕಾಲವನ್ನ 100 ಅಂತ ಇಟ್ಕೊಂಡು ಅದರ ಪಕ್ಕ ಇವತ್ತಿನ ಪರಿಸ್ಥಿತಿ ಎಷ್ಟು ಅಂತ ಹೇಳೋದು. ಹಾಗಾಗಿ ಯಾವ ಸೂಚ್ಯಂಕ ಕಣ್ಣಿಗೆ ಬಿದ್ರೂ ಮೂರು ಪ್ರಶ್ನೆ ಕೇಳ್ಬೇಕು, ಯಾವ ಕಾಲ 100, ಯಾರ ಬುಟ್ಟಿ (ಅಂದ್ರೆ ಯಾರು ಕೊಳ್ಳೋ ಯಾವ ವಸ್ತುಗಳ ಪಟ್ಟಿ), ಯಾವ ಸೂತ್ರ. ಈ ಮೂರೂ ಯಾರೋ ಮನುಷ್ಯರು ಕೂತು ಮಾಡಿದ ಆಯ್ಕೆಗಳು, ಪ್ರಕೃತಿ ನಿಯಮ ಏನಲ್ಲ, ಆಯ್ಕೆ ಬೇರೆ ಆದ್ರೆ ಅದೇ ಬೆಲೆಗಳಿಂದ ಬೇರೆ ಸಂಖ್ಯೆ ಬರುತ್ತೆ. ಅದು ಹೇಗೆ ಅಂತ ಲೆಕ್ಕ ಮಾಡಿನೇ ನೋಡೋಣ, ಪೆನ್ನು ಪೇಪರ್ ಇದ್ರೆ ಜೊತೆಗೇ ಮಾಡ್ತಾ ಬನ್ನಿ.

ಒಂದೇ ವಸ್ತು ಇದ್ರೆ ತಲೆನೋವೇ ಇಲ್ಲ. ಆಗ ಬೆಲೆ 40 ಇತ್ತು, ಈಗ 50. 50ನ 40ರಿಂದ ಭಾಗಿಸಿ 100ರಿಂದ ಗುಣಿಸಿದ್ರೆ 125. ಇದಕ್ಕೆ ಬೆಲೆ ಸಾಪೇಕ್ಷ ಅಂತಾರೆ. ಕಷ್ಟ ಶುರು ಆಗೋದು ವಸ್ತುಗಳು ಜಾಸ್ತಿ ಆದಾಗ, ಒಂದು ಏರುತ್ತೆ ಒಂದು ಇಳಿಯುತ್ತೆ, ಒಂದನ್ನ ತೂಕದಲ್ಲಿ ಕೊಳ್ತೀವಿ ಇನ್ನೊಂದನ್ನ ಮೀಟರಲ್ಲಿ, ಒಂದಿಲ್ಲದೆ ದಿನ ನಡೆಯಲ್ಲ ಇನ್ನೊಂದು ವರ್ಷಕ್ಕೊಮ್ಮೆ ಬೇಕಾಗೋದು, ಇವೆಲ್ಲವನ್ನೂ ಸೇರಿಸಿ ಒಂದೇ ಸಂಖ್ಯೆ ಕೊಡಿ ಅಂದ್ರೆ ಹೇಗೆ?

ಮೂರು ವಸ್ತು ತಗೊಳ್ಳೋಣ. ಯಾವ ದೇಶ ಯಾವ ನಾಣ್ಯ ಅಂತ ಬೇಡ, ಬರೀ ಸಂಖ್ಯೆ. 100 ಅಂತ ಇಟ್ಕೊಳ್ಳೋ ವರ್ಷಕ್ಕೆ ಆಧಾರ ವರ್ಷ ಅಂತಾರೆ.

ಧಾನ್ಯ: ಆಧಾರ ವರ್ಷದಲ್ಲಿ ಬೆಲೆ 40, ಕೊಂಡಿದ್ದು 30. ಈಗ ಬೆಲೆ 50, ಕೊಂಡಿದ್ದು 28.
ಇಂಧನ: ಆಗ ಬೆಲೆ 100, ಕೊಂಡಿದ್ದು 8. ಈಗ ಬೆಲೆ 150, ಕೊಂಡಿದ್ದು 6.
ಬಟ್ಟೆ: ಆಗ ಬೆಲೆ 200, ಕೊಂಡಿದ್ದು 4. ಈಗ ಬೆಲೆ 210, ಕೊಂಡಿದ್ದು 5.

ಮೊದಲು ಹೊಳೆಯೋ ದಾರಿ, ಈಗಿನ ಬೆಲೆ ಎಲ್ಲಾ ಕೂಡಿಸಿ ಆಗಿನ ಬೆಲೆಗಳ ಮೊತ್ತದಿಂದ ಭಾಗಿಸೋದು. ಈಗ 410, ಆಗ 340, ಸೂಚ್ಯಂಕ 120.59. ಫ್ರಾನ್ಸಿನ ಡ್ಯೂಟೋ 1738ರಲ್ಲೇ ಹೀಗೆ ಮಾಡಿದ್ದ. ಸುಲಭ ಏನೋ ಹೌದು, ಆದ್ರೆ ಇದರಲ್ಲಿ ಒಂದು ದೊಡ್ಡ ತೂತಿದೆ. ಧಾನ್ಯದ ಬೆಲೆನ ಕೆಜಿ ಲೆಕ್ಕದಲ್ಲಿ ಹೇಳೋ ಬದಲು ಕ್ವಿಂಟಾಲ್ ಲೆಕ್ಕದಲ್ಲಿ ಹೇಳಿ ನೋಡಿ, ಅಂದ್ರೆ 40 ಹೋಗಿ 4000, 50 ಹೋಗಿ 5000. ಬೆಲೆ ಏನೂ ಬದಲಾಗಿಲ್ಲ, ಬರೆಯೋ ರೀತಿ ಮಾತ್ರ ಬೇರೆ. ಈಗ ಮೊತ್ತ 5360 ಮತ್ತು 4300, ಸೂಚ್ಯಂಕ 124.65! ಯೂನಿಟ್ ಬದಲಾಯಿಸಿದ್ರೆ ಉತ್ತರ ಬದಲಾಗೋ ಅಳತೆನ ಯಾರು ನಂಬ್ತಾರೆ. ಇದನ್ನ ಪರೀಕ್ಷೆಲಿ ಕೇಳಿದ್ರೆ ಬರೀರಿ, ನಿಜವಾದ ಕೆಲಸಕ್ಕೆ ಬಳಸಬೇಡಿ.

ಎರಡನೇ ದಾರಿ, ಒಂದೊಂದು ವಸ್ತುವಿನ ಬೆಲೆ ಸಾಪೇಕ್ಷ ತೆಗೆದು ಅವುಗಳ ಸರಾಸರಿ. ಧಾನ್ಯ 125, ಇಂಧನ 150, ಬಟ್ಟೆ 105, ಸರಾಸರಿ 126.67. ಯೂನಿಟ್ ತೊಂದರೆ ಹೋಯ್ತು, ಯಾಕಂದ್ರೆ ಭಾಗಿಸೋವಾಗಲೇ ಕೆಜಿ ಕೆಜಿಗೆ ವಜಾ ಆಗಿಬಿಡುತ್ತೆ. ಇಟಲಿಯ ಕಾರ್ಲಿ 1764ರಲ್ಲಿ ಧಾನ್ಯ, ವೈನ್, ಎಣ್ಣೆ ಮೂರರ ಬೆಲೆನ ಹೀಗೇ ಹೋಲಿಸಿದ್ದ. ಆದ್ರೆ ಇಲ್ಲೂ ಒಂದು ಕುತಂತ್ರ ಅಡಗಿದೆ, ಇದು ನನಗೆ ತುಂಬಾ ಇಷ್ಟವಾದ ಉದಾಹರಣೆ: ಒಂದು ವಸ್ತುವಿನ ಬೆಲೆ ಡಬಲ್ ಆಯ್ತು, ಇನ್ನೊಂದರದ್ದು ಅರ್ಧ ಆಯ್ತು. ಸಾಪೇಕ್ಷಗಳು 200 ಮತ್ತು 50, ಸರಾಸರಿ 125, ಅಂದ್ರೆ ಬೆಲೆ 25% ಏರಿದೆ ಅನ್ನುತ್ತೆ. ಈಗ ಉಲ್ಟಾ ಮಾಡಿ, ಇವತ್ತನ್ನ 100 ಅಂತ ಇಟ್ಕೊಂಡು ಆಗಿನದ್ದನ್ನ ಲೆಕ್ಕ ಹಾಕಿ, ಮತ್ತೆ 50 ಮತ್ತು 200, ಮತ್ತೆ 125. ಅಂದ್ರೆ ಆಗಿನಿಂದ ಈಗಕ್ಕೂ 25% ಏರಿಕೆ, ಈಗಿನಿಂದ ಹಿಂದಕ್ಕೆ ಹೋದ್ರೂ 25% ಏರಿಕೆ! ಸಾಧ್ಯಾನೇ ಇಲ್ವಲ್ಲ. ಇದಕ್ಕೆ ಮದ್ದು ಗುಣೋತ್ತರ ಸರಾಸರಿ, 200ನ 50ರಿಂದ ಗುಣಿಸಿ ವರ್ಗಮೂಲ ತೆಗೆದ್ರೆ ಸರಿಯಾಗಿ 100 ಬರುತ್ತೆ, ಏರಿದ್ದೂ ಇಳಿದಿದ್ದೂ ಸಮ. ಇಂಗ್ಲೆಂಡಿನ ಜೆವನ್ಸ್ 1863ರಲ್ಲಿ, ಕ್ಯಾಲಿಫೋರ್ನಿಯಾ ಆಸ್ಟ್ರೇಲಿಯಾದಲ್ಲಿ ಚಿನ್ನ ಸಿಕ್ಕಿದ ಮೇಲೆ ಚಿನ್ನದ ಮೌಲ್ಯ ಎಷ್ಟು ಕುಸಿದಿದೆ ಅಂತ ಅಳೆಯೋಕೆ ಇದನ್ನೇ ಬಳಸಿದ. ನಮ್ಮ ಮೂರು ವಸ್ತುಗಳಿಗೆ ಮಾಡಿದ್ರೆ (ಮೂರು ಸಾಪೇಕ್ಷಗಳನ್ನ ಗುಣಿಸಿ ಘನಮೂಲ ತೆಗೆದ್ರೆ) 125.33.

ಇಷ್ಟೆಲ್ಲಾ ಮಾಡಿದ್ರೂ ಒಂದು ದೊಡ್ಡ ವಿಷಯ ಬಿಟ್ಟೇ ಹೋಗಿದೆ, ಯಾವ ವಸ್ತು ಎಷ್ಟು ಮುಖ್ಯ ಅನ್ನೋದು. ಬೆಂಕಿಪೊಟ್ಟಣದ ಬೆಲೆ ಡಬಲ್ ಆದ್ರೆ ಯಾರಿಗೂ ಗೊತ್ತೇ ಆಗಲ್ಲ, ಮನೆ ಬಾಡಿಗೆ ಹತ್ತು ಪರ್ಸೆಂಟ್ ಏರಿದ್ರೆ ಇಡೀ ಬಜೆಟ್ಟೇ ಅಲ್ಲಾಡುತ್ತೆ. ಅದಕ್ಕೇ ತೂಕ ಬೇಕು, ಪಠ್ಯಪುಸ್ತಕಗಳಲ್ಲಿ ಭಾರ ಅಂತಾನೂ ಬರೀತಾರೆ. ಇಲ್ಲಿಗೆ ಬಂದ್ರೆ ಎರಡು ಜರ್ಮನ್ ಹೆಸರು ಬರುತ್ತೆ, 1871ರ ಲಾಸ್ಪೆಯರ್ ಮತ್ತು 1874ರ ಪಾಶೆ.

ಲಾಸ್ಪೆಯರ್ ಕೇಳೋದು, ಆಗ ಏನೇನು ಎಷ್ಟೆಷ್ಟು ಕೊಂಡಿದ್ರೋ ಅದೇ ಬುಟ್ಟಿನ ಈಗಿನ ಬೆಲೆಗೆ ಕೊಂಡ್ರೆ ಎಷ್ಟಾಗುತ್ತೆ ಅಂತ. ಆಗಿನ ಖರ್ಚು: ಧಾನ್ಯ 40×30 ಅಂದ್ರೆ 1200, ಇಂಧನ 100×8 ಅಂದ್ರೆ 800, ಬಟ್ಟೆ 200×4 ಅಂದ್ರೆ 800, ಒಟ್ಟು 2800. ಅದೇ ಬುಟ್ಟಿ ಈಗಿನ ಬೆಲೆಗೆ: 1500, 1200, 840, ಒಟ್ಟು 3540. 3540ನ 2800ರಿಂದ ಭಾಗಿಸಿದ್ರೆ ಸೂಚ್ಯಂಕ 126.43.

ಪಾಶೆ ಕೇಳೋದು ತಿರುವು ಮುರುವು, ಈಗ ಕೊಳ್ತಿರೋ ಬುಟ್ಟಿಗೆ ಆಗಿನ ಬೆಲೇಲಿ ಎಷ್ಟಾಗ್ತಿತ್ತು? ಈಗಿನ ಖರ್ಚು 1400, 900, 1050, ಒಟ್ಟು 3350. ಅದೇ ಬುಟ್ಟಿ ಆಗಿನ ಬೆಲೆಗೆ 1120, 600, 1000, ಒಟ್ಟು 2720. ಸೂಚ್ಯಂಕ 123.16.

ಒಂದೇ ಡೇಟಾ, ಎರಡು ಉತ್ತರ, ಮೂರು ಪಾಯಿಂಟ್‌ಗಿಂತ ಜಾಸ್ತಿ ವ್ಯತ್ಯಾಸ. ಯಾವುದು ಸರಿ? ಎರಡೂ ಸರಿ, ಕೇಳಿದ ಪ್ರಶ್ನೆ ಬೇರೆ ಬೇರೆ ಅಷ್ಟೇ. ವ್ಯತ್ಯಾಸ ಬಂದಿದ್ದು ಯಾಕೆ ಅಂತ ಡೇಟಾನೇ ಹೇಳ್ತಿದೆ ನೋಡಿ. ಇಂಧನ ತುಟ್ಟಿ ಆಯ್ತು, ಜನ 8ರಿಂದ 6ಕ್ಕೆ ಇಳಿಸಿದ್ರು. ಬಟ್ಟೆ ಅಷ್ಟಾಗಿ ಏರಲಿಲ್ಲ, 4ರಿಂದ 5ಕ್ಕೆ ಏರಿಸಿದ್ರು. ಜನ ತುಟ್ಟಿಯಾದದ್ದನ್ನ ಬಿಟ್ಟು ಅಗ್ಗದ ಕಡೆ ವಾಲ್ತಾರೆ, ಆದ್ರೆ ಲಾಸ್ಪೆಯರ್ ಬುಟ್ಟಿ ಹಳೇದು, ಅದು ಇನ್ನೂ 8 ಯೂನಿಟ್ ಇಂಧನ ಸುಡ್ತಾನೇ ಇದ್ದಾರೆ ಅಂದ್ಕೊಂಡಿರುತ್ತೆ. ಹಾಗಾಗಿ ಸಾಮಾನ್ಯವಾಗಿ ಲಾಸ್ಪೆಯರ್ ಸ್ವಲ್ಪ ಜಾಸ್ತಿ ತೋರಿಸುತ್ತೆ, ಪಾಶೆ ಸ್ವಲ್ಪ ಕಮ್ಮಿ. ಇದು ಬರೀ ಪುಸ್ತಕದ ವಿಷಯ ಅಂದ್ಕೋಬೇಡಿ, ಅಮೆರಿಕದಲ್ಲಿ 1996ರಲ್ಲಿ ಬಾಸ್ಕಿನ್ ಆಯೋಗ ತಮ್ಮ ಗ್ರಾಹಕ ಬೆಲೆ ಸೂಚ್ಯಂಕ (ಮನೆಮಂದಿ ಕೊಳ್ಳೋ ವಸ್ತು ಸೇವೆಗಳ ಬೆಲೆ ಅಳೆಯೋದು) ವರ್ಷಕ್ಕೆ ಸುಮಾರು 1.1 ಪರ್ಸೆಂಟೇಜ್ ಪಾಯಿಂಟ್ ಜಾಸ್ತಿ ತೋರಿಸ್ತಿದೆ ಅಂತ ವರದಿ ಕೊಟ್ಟಿತು, ಈ ಬದಲಿ ಕೊಳ್ಳುವಿಕೆ ಅದಕ್ಕೆ ಒಂದು ಕಾರಣ, ವಸ್ತುಗಳ ಗುಣಮಟ್ಟ ಸುಧಾರಿಸಿದ್ದು ಮತ್ತು ಹೊಸ ವಸ್ತುಗಳು ಬಂದಿದ್ದು ಇನ್ನೊಂದು ದೊಡ್ಡ ಕಾರಣ. ವರ್ಷಕ್ಕೆ 1.1 ಅಂದ್ರೆ ಸಣ್ಣದು ಅನ್ಸುತ್ತೆ, ಆದ್ರೆ ಪಿಂಚಣಿಗಳು, ತೆರಿಗೆ ಮಿತಿಗಳು ಎಲ್ಲಾ ಆ ಸಂಖ್ಯೆಗೆ ಕಟ್ಟಿಹಾಕಿರೋವಾಗ ಹತ್ತಿಪ್ಪತ್ತು ವರ್ಷದಲ್ಲಿ ಅದು ಭಾರೀ ಮೊತ್ತ.

ಹಾಗಾದ್ರೆ ಪಾಶೆನೇ ಬಳಸ್ಬಹುದಲ್ಲ? ಬಳಸ್ಬಹುದು, ಆದ್ರೆ ಪ್ರತಿ ತಿಂಗಳೂ ಜನ ಈಗ ಏನು ಕೊಳ್ತಿದ್ದಾರೆ ಅಂತ ಹೊಸ ಸಮೀಕ್ಷೆ ಮಾಡ್ಬೇಕು, ಅದಕ್ಕೆ ತಗಲೋ ದುಡ್ಡು ಮತ್ತು ಟೈಮು ಯಾವ ಇಲಾಖೆ ಹತ್ರಾನೂ ಇಲ್ಲ. ಲಾಸ್ಪೆಯರ್‌ಗೆ ತೂಕ ಒಮ್ಮೆ ಸಿಕ್ಕಿದ್ರೆ ಸಾಕು, ಆಮೇಲೆ ತಿಂಗಳಿಗೊಮ್ಮೆ ಬೆಲೆ ಮಾತ್ರ ಹಿಡ್ಕೊಂಡು ಬಂದ್ರೆ ಆಯ್ತು. ಜಗತ್ತಿನ ಬಹುತೇಕ ಗ್ರಾಹಕ ಬೆಲೆ ಸೂಚ್ಯಂಕಗಳು ಲಾಸ್ಪೆಯರ್ ಕುಟುಂಬದವೇ ಆಗಿರೋದು ಸಿದ್ಧಾಂತದ ಪ್ರೀತಿಯಿಂದಲ್ಲ, ಈ ಅನುಕೂಲದಿಂದ. ಇನ್ನೊಂದು ಅನುಕೂಲಾನೂ ಇದೆ, ಪ್ರತಿ ವಸ್ತುವಿನ ಬೆಲೆ ಸಾಪೇಕ್ಷನ ಆಧಾರ ವರ್ಷದ ಖರ್ಚಿನ ಪಾಲಿನಿಂದ ಗುಣಿಸಿ ಕೂಡಿಸಿದ್ರೆ ಅದೇ ಲಾಸ್ಪೆಯರ್ ಬರುತ್ತೆ. ನಮ್ಮ ಲೆಕ್ಕದಲ್ಲಿ ಪಾಲುಗಳು 42.86%, 28.57%, 28.57%. 125, 150, 105ನ ಇವುಗಳಿಂದ ಗುಣಿಸಿ ಕೂಡಿಸಿ, 126.43 ಬರುತ್ತೆ. ಸರ್ಕಾರಿ ಸೂಚ್ಯಂಕಗಳ ತೂಕದ ಪಟ್ಟಿ ಅಂತ ನೋಡ್ತೀವಲ್ಲ, ಅದು ಈ ಪಾಲುಗಳ ಪಟ್ಟಿನೇ, ಕೆಜಿ ಲೀಟರ್ ಲೆಕ್ಕ ಅಲ್ಲ.

ಅಮೆರಿಕದ ಇರ್ವಿಂಗ್ ಫಿಶರ್ 1922ರಲ್ಲಿ ನೂರಕ್ಕೂ ಹೆಚ್ಚು ಸೂತ್ರಗಳನ್ನ ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿದ, ಕೊನೆಗೆ ಲಾಸ್ಪೆಯರ್ ಪಾಶೆ ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯೋದನ್ನ ಆದರ್ಶ ಅಂತ ಕರೆದ. ನಮ್ಮದು 124.78. ಇದು ಕಾಲ ವಿಪರ್ಯಯ ಪರೀಕ್ಷೆ ಪಾಸಾಗುತ್ತೆ, ಅಂದ್ರೆ ಮುಂದಕ್ಕೆ ಮಾಡಿದ ಲೆಕ್ಕ ಮತ್ತು ಹಿಂದಕ್ಕೆ ಮಾಡಿದ ಲೆಕ್ಕ ಗುಣಿಸಿದ್ರೆ 1 ಬರುತ್ತೆ (100ನ ತೆಗೆದು ಬರೀ ಅನುಪಾತದಲ್ಲಿ ನೋಡಿದ್ರೆ), ಮೇಲೆ 200-50 ಉದಾಹರಣೇಲಿ ಕಾರ್ಲಿ ಸೋತಿದ್ದು ಇದೇ ಪರೀಕ್ಷೇಲಿ. ಇನ್ನೊಂದು ಘಟಕ ವಿಪರ್ಯಯ ಪರೀಕ್ಷೆ, ಇದನ್ನ ಬಾಯಿಪಾಠ ಮಾಡೋ ಬದಲು ಲೆಕ್ಕದಲ್ಲೇ ನೋಡಿ. ಒಟ್ಟು ಖರ್ಚು 2800ರಿಂದ 3350 ಆಗಿದೆ, ಅಂದ್ರೆ ಮೌಲ್ಯ ಸೂಚ್ಯಂಕ 119.64. ಖರ್ಚು ಅಂದ್ರೆ ಬೆಲೆ ಗುಣಿಸು ಪ್ರಮಾಣ, ಹಾಗಾದ್ರೆ ಬೆಲೆ ಸೂಚ್ಯಂಕ ಗುಣಿಸು ಪ್ರಮಾಣ ಸೂಚ್ಯಂಕ ಕೂಡಾ ಇಷ್ಟೇ ಬರಬೇಕಲ್ವಾ. ಲಾಸ್ಪೆಯರ್ ಪ್ರಮಾಣ ಸೂಚ್ಯಂಕ ಅಂದ್ರೆ ಬೆಲೆನ ಆಗಿನದ್ದಕ್ಕೆ ಕಟ್ಟಿಹಾಕಿ ಪ್ರಮಾಣ ಮಾತ್ರ ಬದಲಿಸೋದು, 2720 ಭಾಗಿಸು 2800, ಅದು 97.14. ಅದನ್ನ 126.43 ಜೊತೆ ಗುಣಿಸಿದ್ರೆ 122.82, ಹೊಂದಲಿಲ್ಲ. ಪಾಶೆ ಪ್ರಮಾಣ ಸೂಚ್ಯಂಕ 3350 ಭಾಗಿಸು 3540, ಅದು 94.63, ಅದನ್ನ 97.14 ಜೊತೆ ಗುಣಿಸಿ ವರ್ಗಮೂಲ ತೆಗೆದ್ರೆ ಫಿಶರ್ ಪ್ರಮಾಣ 95.88. ಫಿಶರ್ ಬೆಲೆ 124.78ರಿಂದ ಗುಣಿಸಿದ್ರೆ 119.64, ಹೊಂದಿತು. ಫಿಶರ್‌ದೂ ಎಲ್ಲಾ ಪರೀಕ್ಷೆ ಪಾಸಾಗಲ್ಲ, ವೃತ್ತ ಪರೀಕ್ಷೆ ಅಂತ ಒಂದಿದೆ, ಒಂದನೇ ವರ್ಷದಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋದದ್ದೂ, ನೇರವಾಗಿ ಒಂದರಿಂದ ಮೂರಕ್ಕೆ ಹೋದದ್ದೂ ಒಂದೇ ಆಗಬೇಕು ಅನ್ನೋದು, ಅದರಲ್ಲಿ ಅದು ಫೇಲು. ಪ್ರಮಾಣ ಸೂಚ್ಯಂಕ ಅಂದ್ರೆ ಏನೋ ಅಪರೂಪದ್ದು ಅನ್ಕೋಬೇಡಿ, ಕೈಗಾರಿಕಾ ಉತ್ಪಾದನಾ ಸೂಚ್ಯಂಕ ಇದೇ ಜಾತಿ.

ಸೂತ್ರದ ಕಥೆ ಇಲ್ಲಿಗೆ ಸಾಕು. ನಿಜ ಹೇಳ್ಬೇಕಂದ್ರೆ ಸೂಚ್ಯಂಕ ಕೆಡೋದು ಬಹುತೇಕ ಸೂತ್ರದಿಂದಲ್ಲ, ಸೂತ್ರಕ್ಕೆ ಮುಂಚೆ ಮಾಡೋ ಕೆಲಸದಿಂದ. ಆಧಾರ ವರ್ಷ ಆರಿಸೋವಾಗ ಬರ, ಯುದ್ಧ, ಸಾಂಕ್ರಾಮಿಕ ಇಲ್ಲದ ಮಾಮೂಲಿ ವರ್ಷ ಬೇಕು. ಬೆಲೆ ಕುಸಿದ ವರ್ಷನ 100 ಮಾಡಿದ್ರೆ ಆಮೇಲಿನದ್ದೆಲ್ಲಾ ಭಯಾನಕವಾಗಿ ಕಾಣುತ್ತೆ, ಏರಿದ ವರ್ಷನ 100 ಮಾಡಿದ್ರೆ ಎಲ್ಲಾ ಸೌಖ್ಯ ಅನ್ಸುತ್ತೆ, ಗ್ರಾಫ್ ತೋರಿಸಿ ವಾದ ಗೆಲ್ಲೋರು ಮೊದಲು ಆಡೋ ಆಟನೇ ಇದು. ಒಂದೇ ವರ್ಷ ಆಗ್ಬೇಕು ಅಂತಾನೂ ಇಲ್ಲ, ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ 1982-84ರ ಮೂರು ವರ್ಷದ ಸರಾಸರಿನೇ 100, 2023ರಲ್ಲಿ ಅದು 300 ದಾಟಿತು, ಅಂದ್ರೆ ಆ ಬುಟ್ಟಿಯ ಬೆಲೆ ಮೂರು ಪಟ್ಟಾಯ್ತು ಅಂತ ಓದ್ಕೋಬೇಕು.

ಗುಣಮಟ್ಟದ ವಿಷಯ ಇನ್ನೂ ಜಟಿಲ. ಹೋದ ವರ್ಷದ ಫೋನ್ ಮತ್ತು ಈ ವರ್ಷದ ಫೋನ್ ಒಂದೇ ಬೆಲೆ, ಆದ್ರೆ ಹೊಸದರಲ್ಲಿ ಮೆಮೊರಿ ಡಬಲ್. ಬೆಲೆ ಬದಲಾಗಿಲ್ಲ ಅನ್ನೋದಾ, ಇಳಿದಿದೆ ಅನ್ನೋದಾ? ಇಳಿದಿದೆ ಅಂತ ಲೆಕ್ಕ ಹಾಕ್ತಾರೆ, ಅದಕ್ಕೆ ಹೆಡೋನಿಕ್ ವಿಧಾನ ಅಂತಾರೆ, ಮೆಮೊರಿಗೆ ಇಷ್ಟು, ಸ್ಕ್ರೀನಿಗೆ ಇಷ್ಟು ಅಂತ ಒಂದೊಂದು ಗುಣಕ್ಕೂ ಅಂಕಿಅಂಶದಿಂದ ಬೆಲೆ ಕಟ್ಟಿ ಅದನ್ನ ಕಳೆಯೋದು. ಉಲ್ಟಾ ಕೇಸೂ ಇದೆ, ಪ್ಯಾಕೆಟ್ ಬೆಲೆ ಅದೇ ಇಟ್ಟು ಒಳಗಿನ ತೂಕ ಕಮ್ಮಿ ಮಾಡೋದು, ಅದನ್ನ ಗ್ರಾಂ ಲೆಕ್ಕದಲ್ಲಿ ಹಿಡಿದು ಬೆಲೆ ಏರಿಕೆ ಅಂತಾನೇ ದಾಖಲು ಮಾಡ್ತಾರೆ, ಜನ ಅಂದ್ಕೊಂಡಂಗೆ ಅದು ತಪ್ಪಿಸ್ಕೊಂಡು ಹೋಗಲ್ಲ.

ಇನ್ನು ಸೂಚ್ಯಂಕ ಓದೋವಾಗ ಎಡವೋ ಜಾಗಗಳು. ಪಾಯಿಂಟು ಮತ್ತು ಪರ್ಸೆಂಟು ಬೇರೆ ಬೇರೆ. 126 ಇದ್ದದ್ದು 132 ಆದ್ರೆ 6 ಪಾಯಿಂಟ್ ಏರಿಕೆ, ಆದ್ರೆ ಪರ್ಸೆಂಟ್ 4.76 ಮಾತ್ರ. 100ರಿಂದ ಹೊರಟಾಗ ಮಾತ್ರ ಎರಡೂ ಒಂದೇ.

ಎರಡನೇದು, ಹಣದುಬ್ಬರ (ಬೆಲೆ ಸೂಚ್ಯಂಕ ಒಂದು ವರ್ಷದಲ್ಲಿ ಎಷ್ಟು ಪರ್ಸೆಂಟ್ ಏರಿತು ಅನ್ನೋದು) ಇಳಿಯಿತು ಅಂದ್ರೆ ಬೆಲೆ ಇಳಿಯಿತು ಅಂತಲ್ಲ. ಸೂಚ್ಯಂಕ ನಾಲ್ಕು ವರ್ಷ 100, 110, 117, 122 ಅಂತ ಹೋಯ್ತು ಅನ್ಕೊಳ್ಳಿ, ಹಣದುಬ್ಬರ 10%, 6.4%, 4.3%, ಇಳೀತಾ ಇದೆ, ಬೆಲೆ ಮಾತ್ರ ಒಂದು ವರ್ಷಾನೂ ಇಳಿದಿಲ್ಲ. ಗಾಡಿ ಸ್ಪೀಡ್ ಕಮ್ಮಿ ಮಾಡಿದೆ ಅಷ್ಟೇ, ರಿವರ್ಸ್ ಹಾಕಿಲ್ಲ. "ಹಣದುಬ್ಬರ ಇಳಿದಿದೆ ಅಂತಾರೆ, ಅಂಗಡೀಲಿ ಯಾಕೆ ಕಮ್ಮಿ ಆಗಿಲ್ಲ" ಅಂತ ಕೇಳೋರಿಗೆ ಉತ್ತರ ಇಷ್ಟೇ.

ಮೂರನೇದು ಆಧಾರ ಪರಿಣಾಮ, ಇದರಲ್ಲಿ ಪತ್ರಕರ್ತರೂ ಬೀಳ್ತಾರೆ. ಹಣದುಬ್ಬರನ ಸಾಮಾನ್ಯವಾಗಿ ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಿ ಹೇಳ್ತಾರೆ. ಹೋದ ವರ್ಷ ಸತತ ಮೂರು ತಿಂಗಳ ಸೂಚ್ಯಂಕ 120, 114, 121 ಇತ್ತು, ಮಧ್ಯದ ತಿಂಗಳು ಯಾವುದೋ ಕಾರಣಕ್ಕೆ ತಾತ್ಕಾಲಿಕವಾಗಿ ಕುಸಿದಿತ್ತು. ಈ ವರ್ಷ ಮೂರೂ ತಿಂಗಳು 126, ಅಲ್ಲಾಡೇ ಇಲ್ಲ. ಆದ್ರೂ ಹಣದುಬ್ಬರ 5%, ಆಮೇಲೆ 10.5%, ಆಮೇಲೆ 4.1% ಅಂತ ಬರುತ್ತೆ, ಮಧ್ಯದ ತಿಂಗಳಲ್ಲಿ "ಬೆಲೆ ಏರಿಕೆ ದುಪ್ಪಟ್ಟು" ಅಂತ ಹೆಡ್‌ಲೈನ್ ಗ್ಯಾರಂಟಿ. ಈ ವರ್ಷ ಏನೂ ಆಗಿಲ್ಲ, ಆಗಿದ್ದು ಹೋದ ವರ್ಷ. ಹಾಗಾಗಿ ವಾರ್ಷಿಕ ಪರ್ಸೆಂಟ್ ದಿಢೀರ್ ಹಾರಿದ್ರೆ ಮೊದಲು ಹೋದ ವರ್ಷದ ಸಂಖ್ಯೆ ತೆಗೆದು ನೋಡಿ, ಜೊತೆಗೆ ಹಿಂದಿನ ತಿಂಗಳಿಗೆ ಹೋಲಿಸಿದ್ರೆ ಏನಾಗಿದೆ ಅಂತಾನೂ ನೋಡಿ.

ನಾಲ್ಕನೇದು, ಒಂದು ಊರಿನ ಸೂಚ್ಯಂಕ 180, ಇನ್ನೊಂದರದ್ದು 150, ಹಾಗಾಗಿ ಮೊದಲನೇ ಊರು ದುಬಾರಿ ಅನ್ನೋದು. ತಪ್ಪು. ಪ್ರತಿ ಊರೂ ತನ್ನದೇ ಆಧಾರ ವರ್ಷದಲ್ಲಿ 100, ಮೊದಲನೇದು ಅಗ್ಗವಾಗಿ ಶುರುವಾಗಿ ವೇಗವಾಗಿ ಏರಿರ್ಬಹುದು. ಈ ಸಂಖ್ಯೆಗಳು ಏರಿಕೆಯ ವೇಗ ಹೇಳ್ತವೆ, ಮಟ್ಟ ಅಲ್ಲ. ಊರು ಊರು, ದೇಶ ದೇಶ ಹೋಲಿಸೋಕೆ ಕೊಳ್ಳುವ ಶಕ್ತಿ ಸಮಾನತೆ ಅನ್ನೋ ಬೇರೇ ಥರದ ಲೆಕ್ಕ ಬೇಕು, ಅಲ್ಲಿ ಎರಡು ಕಾಲದ ಬದಲು ಎರಡು ಜಾಗದ ಬೆಲೆಗಳನ್ನ ಒಂದೇ ಬುಟ್ಟಿಗೆ ಹಿಡಿದು ನೋಡ್ತಾರೆ.

ಹಳೇ ಸರಣಿ ಹೊಸ ಸರಣಿ ಜೋಡಿಸೋದು ಪ್ರಾಜೆಕ್ಟ್ ಮಾಡೋರಿಗೆಲ್ಲಾ ಬರೋ ತಾಪತ್ರಯ. ಆಧಾರ ವರ್ಷ ಬದಲಾಯಿಸೋದು ಸುಲಭ, ಹೊಸ ಆಧಾರ ವರ್ಷದ ಸಂಖ್ಯೆಯಿಂದ ಎಲ್ಲವನ್ನೂ ಭಾಗಿಸಿ 100ರಿಂದ ಗುಣಿಸಿ. ಮೊದಲ ವರ್ಷ 100, ಐದನೇ ವರ್ಷ 125, ಹತ್ತನೇ ವರ್ಷ 160 ಇದ್ರೆ, ಐದನೇ ವರ್ಷನ 100 ಮಾಡಿದಾಗ ಕ್ರಮವಾಗಿ 80, 100, 128. ಸರಣಿನೇ ಬದಲಾದ್ರೆ ಎರಡೂ ಸರಣೀಲಿ ಇರೋ ಒಂದು ಸಾಮಾನ್ಯ ವರ್ಷ ಹುಡುಕಿ. ಹಳೇದರಲ್ಲಿ ಆ ವರ್ಷ 125, ಹೊಸದರಲ್ಲಿ 100, ಹಾಗಾದ್ರೆ ಜೋಡಣೆ ಗುಣಕ 1.25, ಹೊಸದರ 104ನ ಹಳೇ ಭಾಷೇಲಿ ಹೇಳಿದ್ರೆ 130. ಇದು ಗಣಿತವಾಗಿ ಸರಿ, ಆದ್ರೆ ಎರಡು ಬೇರೆ ಬುಟ್ಟಿಗಳನ್ನ ಅಂಟಿಸಿದ್ದೀವಿ ಅನ್ನೋದು ನೆನಪಿರಲಿ, ಉಪಗುಂಪುಗಳನ್ನ ಜೋಡಿಸಿ ಆಮೇಲೆ ಕೂಡಿಸಿದ್ರೆ ಒಟ್ಟು ಸೂಚ್ಯಂಕಕ್ಕೆ ಹೊಂದಲ್ಲ, ಗಾಬರಿ ಬೀಳ್ಬೇಡಿ. ಬುಟ್ಟಿ ಹಳಸದೇ ಇರ್ಲಿ ಅಂತ ವರ್ಷ ವರ್ಷಾನೂ ತೂಕ ಬದಲಿಸಿ ಕೊಂಡಿ ಹಾಕ್ತಾ ಹೋಗೋ ಸರಪಳಿ ಸೂಚ್ಯಂಕಗಳೂ ಇವೆ, ಅವುಗಳ ಕಾಟ ಬೇರೆ: ಬೆಲೆಗಳು ಇಳಿದು ಮತ್ತೆ ಹಳೇ ಜಾಗಕ್ಕೇ ಬಂದ್ರೂ ಕೆಲವೊಮ್ಮೆ ಸೂಚ್ಯಂಕ ವಾಪಸ್ ಬರಲ್ಲ, ದಾರಿ ತಪ್ಪಿ ಎಲ್ಲೋ ನಿಂತಿರುತ್ತೆ.

ಇಷ್ಟೆಲ್ಲಾ ಕಷ್ಟಪಟ್ಟು ಇದನ್ನ ಮಾಡೋದು ಯಾತಕ್ಕೆ? ಮೊದಲನೇ ಉಪಯೋಗ ಹಣದ ಸಂಖ್ಯೆಯಿಂದ ಬೆಲೆ ಏರಿಕೆನ ಸೋಸಿ ತೆಗೆಯೋದು. ಸಂಬಳ 20,000 ಇದ್ದದ್ದು 26,000 ಆಯ್ತು, 30% ಏರಿಕೆ, ಖುಷಿ. ಅಷ್ಟರಲ್ಲಿ ಬೆಲೆ ಸೂಚ್ಯಂಕ 100ರಿಂದ 140 ಆಗಿದೆ. 26,000ನ 140ರಿಂದ ಭಾಗಿಸಿ 100ರಿಂದ ಗುಣಿಸಿ, 18,571. ನಿಜವಾದ ಸಂಬಳ 7% ಕಮ್ಮಿ ಆಗಿದೆ. 30ರಲ್ಲಿ 40 ಕಳೆದು 10% ಕಮ್ಮಿ ಅಂತ ಬಾಯಿಲೆಕ್ಕ ಮಾಡ್ಬೇಡಿ, ಸಣ್ಣ ಸಂಖ್ಯೆಗಳಿಗೆ ಅದು ಹತ್ರ ಬರುತ್ತೆ, ದೊಡ್ಡ ಸಂಖ್ಯೆಗೆ ಭಾಗಿಸಲೇಬೇಕು. ಜಿಡಿಪಿಗೂ (ದೇಶದ ಒಟ್ಟು ಉತ್ಪಾದನೆಯ ಮೌಲ್ಯ) ಇದೇ ಕೆಲಸ, ಹಾಲಿ ಬೆಲೆಯ ಜಿಡಿಪಿನ ಸ್ಥಿರ ಬೆಲೆಯ, ಅಂದ್ರೆ ಆಧಾರ ವರ್ಷದ ಬೆಲೇಲಿ ಲೆಕ್ಕ ಹಾಕಿದ, ಜಿಡಿಪಿಯಿಂದ ಭಾಗಿಸಿದ್ರೆ ಬರೋದೇ ಜಿಡಿಪಿ ಡಿಫ್ಲೇಟರ್. ಅದು ದೇಶದಲ್ಲಿ ಉತ್ಪಾದನೆ ಆಗೋ ಎಲ್ಲದರ ಬೆಲೆ ಹಿಡಿಯುತ್ತೆ, ಯಂತ್ರ ಕಟ್ಟಡ ಎಲ್ಲಾ ಸೇರಿ, ಆದ್ರೆ ಆಮದು ಮಾಡಿದ ವಸ್ತು ಅದರಲ್ಲಿ ಬರಲ್ಲ. ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಮದು ವಸ್ತು ಬರುತ್ತೆ, ಕಾರ್ಖಾನೆ ಯಂತ್ರ ಬರಲ್ಲ. ಕಚ್ಚಾತೈಲ ಆಮದು ಮಾಡೋ ದೇಶದಲ್ಲಿ ತೈಲ ಬೆಲೆ ಹಾರಿದಾಗ ಇವೆರಡೂ ಬೇರೆ ಬೇರೆ ದಾರಿ ಹಿಡಿಯೋದು ಅದಕ್ಕೇ.

ಹಿಂದೇನೂ ಇದು ಬರೀ ಪಂಡಿತರ ಆಟ ಆಗಿರಲಿಲ್ಲ. 1780ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸ್ವಾತಂತ್ರ್ಯ ಯುದ್ಧದ ಟೈಮಲ್ಲಿ ಕಾಗದದ ಹಣದ ಬೆಲೆ ನೆಲಕಚ್ಚಿತ್ತು, ಸೈನಿಕರಿಗೆ ಕೊಡಬೇಕಾದ ಬಾಕಿನ ಮೆಕ್ಕೆಜೋಳ, ದನದ ಮಾಂಸ, ಉಣ್ಣೆ, ತೊಗಲು ಈ ನಾಲ್ಕರ ನಿಗದಿತ ಪ್ರಮಾಣದ ಬುಟ್ಟಿಗೆ ಕಟ್ಟಿಹಾಕಿ ಬಾಂಡ್ ಬರೆದುಕೊಟ್ರು. ಲಾಸ್ಪೆಯರ್ ಹುಟ್ಟೋಕೂ ಮುಂಚೆ! ಇವತ್ತಿನ ತುಟ್ಟಿಭತ್ಯೆ, ಪಿಂಚಣಿ ಏರಿಕೆ, ಹಣದುಬ್ಬರಕ್ಕೆ ಜೋಡಿಸಿದ ಸರ್ಕಾರಿ ಬಾಂಡು ಎಲ್ಲಾ ಇದೇ ಉಪಾಯದ ಮರಿಮಕ್ಕಳು. ಕೇಂದ್ರ ಬ್ಯಾಂಕುಗಳೂ ಇದನ್ನೇ ಹಿಡ್ಕೊಂಡು ಬಡ್ಡಿ ನಿರ್ಧಾರ ಮಾಡ್ತವೆ, ಹಣದುಬ್ಬರಕ್ಕೆ ಅಧಿಕೃತ ಗುರಿ ಇಟ್ಟ ಮೊದಲ ದೇಶ ನ್ಯೂಜಿಲೆಂಡ್, 1990ರಲ್ಲಿ, ಆಮೇಲೆ ಬೇರೆ ದೇಶಗಳು ಹಿಂದೆ ಬಂದವು. ವ್ಯಾಪಾರ ನಿಯಮಗಳ ಸೂಚ್ಯಂಕ ಅಂತ ಇನ್ನೊಂದಿದೆ, ರಫ್ತು ಬೆಲೆ ಸೂಚ್ಯಂಕನ ಆಮದು ಬೆಲೆ ಸೂಚ್ಯಂಕದಿಂದ ಭಾಗಿಸೋದು. ರಫ್ತು 110, ಆಮದು 125 ಆದ್ರೆ 88, ಅಂದ್ರೆ ಮೊದಲು ಎಷ್ಟು ಮಾಲು ಕಳಿಸಿ 100 ಯೂನಿಟ್ ಆಮದು ತರ್ತಿದ್ರೋ ಅಷ್ಟೇ ಮಾಲಿಗೆ ಈಗ 88 ಸಿಗುತ್ತೆ.

ಷೇರು ಸೂಚ್ಯಂಕಗಳಲ್ಲೂ ತೂಕದ ಪ್ರಶ್ನೆನೇ ಮುಖ್ಯ. ಅಮೆರಿಕದ ಡೌ ಜೋನ್ಸ್ 1896ರಲ್ಲಿ 12 ಕಂಪನಿಗಳ ಷೇರು ಬೆಲೆ ಕೂಡಿಸಿ 12ರಿಂದ ಭಾಗಿಸೋದಾಗಿ ಶುರುವಾಯ್ತು, ಇವತ್ತು 30 ಕಂಪನಿ ಇದ್ರೂ ಈಗಲೂ ಬೆಲೆನೇ ತೂಕ, ಅಂದ್ರೆ ಒಂದು ಷೇರಿನ ಬೆಲೆ ಜಾಸ್ತಿ ಇದ್ರೆ ಕಂಪನಿ ಚಿಕ್ಕದಾದ್ರೂ ಅದರ ಮಾತು ಜೋರು. ಅಲ್ಲಿನದ್ದೇ ಎಸ್ ಆಂಡ್ ಪಿ 500 ಥರದವು ಕಂಪನಿಯ ಮಾರುಕಟ್ಟೆ ಮೌಲ್ಯನ ತೂಕ ಮಾಡ್ತವೆ, ಅದೇ ಹೆಚ್ಚು ನ್ಯಾಯ ಅಂತ ನನ್ನ ಅಭಿಪ್ರಾಯ, ಆದ್ರೆ ಅಲ್ಲಿ ನಾಲ್ಕೈದು ದೈತ್ಯ ಕಂಪನಿಗಳೇ ಇಡೀ ಸೂಚ್ಯಂಕನ ಎಳ್ಕೊಂಡು ಹೋಗೋ ಅಪಾಯ ಇದೆ. ಇನ್ನು ಹೆಸರಲ್ಲಿ ಸೂಚ್ಯಂಕ ಇರೋದೆಲ್ಲಾ 100ರಿಂದ ಶುರುವಾಗಲ್ಲ. ಪಿಎಂಐ (ಕಂಪನಿಗಳ ಖರೀದಿ ವ್ಯವಸ್ಥಾಪಕರನ್ನ ಕೇಳಿ ಮಾಡೋ ಸೂಚ್ಯಂಕ) ಅಂತ ಬರುತ್ತಲ್ಲ, ಅದರಲ್ಲಿ ಏರಿಕೆ ಇಳಿಕೆ ಬೇರೆ ಮಾಡೋ ಗೆರೆ 50. ಕಂಪನಿಗಳನ್ನ ಹೋದ ತಿಂಗಳಿಗಿಂತ ಜಾಸ್ತಿನಾ ಕಮ್ಮಿನಾ ಅಷ್ಟೇನಾ ಅಂತ ಕೇಳಿ, ಜಾಸ್ತಿ ಅಂದೋರ ಪರ್ಸೆಂಟ್‌ಗೆ ಅಷ್ಟೇ ಅಂದೋರ ಅರ್ಧ ಸೇರಿಸ್ತಾರೆ. 54 ಅಂದ್ರೆ 4% ಬೆಳವಣಿಗೆ ಅಂತ ಯಾರಾದ್ರೂ ಬರೆದಿದ್ರೆ ಆ ಲೇಖನ ಅಲ್ಲೇ ಮುಚ್ಚಿಬಿಡಿ. ಮಾನವ ಅಭಿವೃದ್ಧಿ ಸೂಚ್ಯಂಕ 0ಯಿಂದ 1ರ ಒಳಗಿರುತ್ತೆ, 2010ರಿಂದ ಅದರಲ್ಲೂ ಗುಣೋತ್ತರ ಸರಾಸರಿನೇ, ಆರೋಗ್ಯ, ಶಿಕ್ಷಣ, ಆದಾಯದಲ್ಲಿ ಒಂದು ತೀರಾ ಹಿಂದಿದ್ರೆ ಇನ್ನೊಂದು ಅದನ್ನ ಪೂರ್ತಿ ಮುಚ್ಚಿಹಾಕೋಕೆ ಆಗಬಾರದು ಅಂತ.

"ಸರ್ಕಾರ 5% ಅನ್ನುತ್ತೆ, ನನ್ನ ಮನೇಲಿ ಹಂಗಿಲ್ಲ" ಅನ್ನೋ ದೂರು ಎಲ್ಲಾ ದೇಶದಲ್ಲೂ ಇದೆ, ಅದರಲ್ಲಿ ಅರ್ಧ ಸತ್ಯಾನೂ ಇದೆ. ಅಧಿಕೃತ ತೂಕ ಬರೋದು ಎಲ್ಲಾ ಮನೆಗಳ ಒಟ್ಟು ಖರ್ಚಿನಿಂದ, ಜಾಸ್ತಿ ಖರ್ಚು ಮಾಡೋ ಮನೆಯ ರುಚಿ ಅಲ್ಲಿ ಜಾಸ್ತಿ ಕೂತಿರುತ್ತೆ, ಒಂದು ಮನೆಗೆ ಒಂದು ಓಟು ಅಂತಿಲ್ಲ. ನಿಮ್ಮದೇ ಸೂಚ್ಯಂಕ ಬೇಕಾದ್ರೆ ಕಷ್ಟ ಏನಿಲ್ಲ, ನಿಮ್ಮ ಒಂದು ವರ್ಷದ ಖರ್ಚನ್ನ ಅಧಿಕೃತ ಗುಂಪುಗಳಿಗೆ ಹಂಚಿ ಪಾಲು ತೆಗೀರಿ, ಅಧಿಕೃತ ಗುಂಪಿನ ಏರಿಕೆಯಿಂದ ಗುಣಿಸಿ ಕೂಡಿಸಿ. ಆಹಾರ 4%, ಬಾಡಿಗೆ 12%, ಸಾರಿಗೆ 2% ಏರಿದೆ ಅನ್ಕೊಳ್ಳಿ. ಖರ್ಚಿನ ಪಾಲು ಇದೇ ಕ್ರಮದಲ್ಲಿ 60, 10, 30 ಇರೋ ಮನೆಗೆ ಏರಿಕೆ 4.2%. 20, 60, 20 ಇರೋ ಮನೆಗೆ 8.4%. ಒಂದೇ ಊರು, ಒಂದೇ ವರ್ಷ, ಸರಿಯಾಗಿ ಡಬಲ್. ಒಂದು ವರ್ಷ ಪೂರ್ತಿ ತಗೊಳ್ಳಿ, ಒಂದು ತಿಂಗಳ ಬಿಲ್ ಹಿಡ್ಕೊಂಡು ಮಾಡಿದ್ರೆ ಶಾಲಾ ಫೀಸು ಬಂದ ತಿಂಗಳು ತಲೆ ಕೆಡುತ್ತೆ.

ಕೊನೆಯದಾಗಿ ಬಾಡಿಗೆ, ಗುತ್ತಿಗೆ, ಸಂಬಳದ ಒಪ್ಪಂದಕ್ಕೆ ಸೂಚ್ಯಂಕ ಕಟ್ಟೋರಿಗೆ. "ಹಣದುಬ್ಬರಕ್ಕೆ ತಕ್ಕಂತೆ ಏರಿಸತಕ್ಕದ್ದು" ಅಂತ ಬರೆದು ಬಿಟ್ರೆ ಮುಂದೆ ಜಗಳ ಖಂಡಿತ. ಯಾವ ಸೂಚ್ಯಂಕ ಅಂತ ಪೂರ್ತಿ ಹೆಸರು ಬರೀರಿ, ಗ್ರಾಹಕರದ್ದಾ ಸಗಟಿನದ್ದಾ, ಇಡೀ ದೇಶದ್ದಾ ಒಂದು ಪ್ರದೇಶದ್ದಾ. ಯಾವ ತಿಂಗಳ ಸಂಖ್ಯೆನ ಯಾವ ತಿಂಗಳಿಗೆ ಹೋಲಿಸ್ಬೇಕು ಅಂತ ಬರೀರಿ, ಒಂದೇ ತಿಂಗಳ ಬದಲು ಹನ್ನೆರಡು ತಿಂಗಳ ಸರಾಸರಿ ಇಟ್ಟರೆ ಮೇಲೆ ಹೇಳಿದ ಆಧಾರ ಪರಿಣಾಮದ ಕಾಟ ತುಂಬಾ ಕಮ್ಮಿ ಆಗುತ್ತೆ. ಏರಿಕೆನ ಪಾಯಿಂಟಲ್ಲಿ ಹೇಳ್ಬೇಡಿ, ಅನುಪಾತದಲ್ಲಿ ಹೇಳಿ, ಹೊಸ ಮೊತ್ತ ಅಂದ್ರೆ ಹಳೇ ಮೊತ್ತ ಗುಣಿಸು ಹೊಸ ಸೂಚ್ಯಂಕ ಭಾಗಿಸು ಹಳೇ ಸೂಚ್ಯಂಕ. ಕೆಲವು ಸಂಖ್ಯೆಗಳು ಮೊದಲು ತಾತ್ಕಾಲಿಕವಾಗಿ ಬಂದು ಆಮೇಲೆ ಪರಿಷ್ಕರಣೆ ಆಗ್ತವೆ, ಯಾವುದನ್ನ ಹಿಡಿಯೋದು ಅಂತಾನೂ ಬರೀರಿ. ಮತ್ತೆ ಮಧ್ಯದಲ್ಲಿ ಆಧಾರ ವರ್ಷ ಬದಲಾದ್ರೆ ಅಧಿಕೃತ ಜೋಡಣೆ ಗುಣಕ ಬಳಸೋದು ಅಂತ ಒಂದು ಸಾಲು, ಸರಣಿನೇ ನಿಂತುಹೋದ್ರೆ ಯಾವುದಕ್ಕೆ ಹೋಗೋದು ಅಂತ ಇನ್ನೊಂದು ಸಾಲು.